ಮೊದಲ ಗೋಲಿನ ರಾಮನ್

ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲು ಹೊಡೆದ ಕೀರ್ತಿ ಬೆಂಗಳೂರಿನ ಸಾರಂಗಪಾಣಿ ರಾಮನ್ನರದು. ಅವರು ಮೈಸೂರು ತಂಡದಲ್ಲಿ ಆಡಿ ಬೆಳೆದವರು. 1946-47ರ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಬಲಿಷ್ಠ ಬಂಗಾಳವನ್ನೇ ಮಣಿಸಿ ಆಗ ಮೈಸೂರು ತಲೆಯೆತ್ತಿ ನಿಂತಿತ್ತು.

ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ ರಾಮನ್ ಲಂಡನ್ ಒಲಿಂಪಿಕ್ಸಿಗೆ ತೆರಳಿದರು. 1948ರ ಜುಲೈ 31ರಂದು ಇಲ್‌ಫರ್ಡ್ ಮೈದಾನದಲ್ಲಿ ಎದುರಾದದ್ದು ಫ್ರಾನ್ಸ್. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಕಣಕ್ಕಿಳಿದಿದ್ದರು. ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ಅಂದು ವ್ಯರ್ಥವಾದವು. ಒಂದು ಗೋಲಿನಿಂದ ಹಿಂದುಳಿದಿದ್ದ ಭಾರತವನ್ನು 70ನೆಯ ನಿಮಿಷದಲ್ಲಿ ರಾಮನ್ ಸಮಬಲಕ್ಕೆ ತಂದರು. ಆದರೆ ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಸೋತ ಪಂದ್ಯದ ಗೋಲು ಗೆಲುವನ್ನು ತಾರದಿರಬಹುದು. ರಾಮನ್ನರ ಹೆಸರನ್ನು ಉಳಿಸಿರುವುದು ಮಾತ್ರ ಅದೇ.