ಜಾಂಗೋ ರೈನ್‌ಹಾರ್ಟ್

ಗಿಟಾರ್ ವಾದಕರಲ್ಲಿ ಅಗ್ರಗಣ್ಯನೆನಿಸಿದ ಜಾಂಗೋ ರೈನ್‌ಹಾರ್ಟನ ಜೀವನವನ್ನು ನಾವಿಲ್ಲಿ ಸ್ಮರಿಸೋಣ. ಈತನು 1910ನೆಯ ಇಸವಿ ಜನವರಿ 23ರಂದು ಬೆಲ್ಜಿಯಂ ದೇಶದಲ್ಲಿ, ಊರಿಂದೂರಿಗೆ ಅಲೆಯುವ ರೋಮಾ ಜನಾಂಗದ ಕುಟುಂಬದಲ್ಲಿ ಜನಿಸಿದನು. ಬಂಡಿಯೇ ಆತನ ಮನೆ. ಕೇಳಿ ಕೇಳಿಯೇ ಸಂಗೀತವನ್ನು ಕಲಿತು, ಹದಿಹರೆಯದಲ್ಲಿಯೇ ಪ್ಯಾರಿಸ್ ನಗರದಲ್ಲಿ ಬ್ಯಾಂಜೋ ನುಡಿಸಿ ಸಂಪಾದಿಸತೊಡಗಿದನು.

1928ರಲ್ಲಿ ಒಂದು ರಾತ್ರಿ ಆ ಬಂಡಿಗೆ ಬೆಂಕಿ ಹತ್ತಿತು. ಎಡಗೈ ಬೆಂದು, ಉಂಗುರದ ಬೆರಳೂ ಕಿರುಬೆರಳೂ ಮುರುಟಿಹೋದವು. ತಂತಿಯನ್ನೊತ್ತಿ ಸ್ವರ ಹಿಡಿಯುವ ಕೈಯೇ ಅದು! ಆದರೂ ತಮ್ಮನಾದ ಜೋಸೆಫನು ತಂದಿತ್ತ ಗಿಟಾರನ್ನು ಹಿಡಿದು ಜಾಂಗೋ ಮೊದಲಿನಿಂದ ಅಭ್ಯಾಸ ಮಾಡಿದನು. ಎರಡೇ ಬೆರಳುಗಳು ತಂತಿಗಳ ಉದ್ದಕ್ಕೂ ಓಡಾಡುವ ಹೊಸ ಕ್ರಮವನ್ನು ಕಂಡುಕೊಂಡನು. 1934ರಲ್ಲಿ ಪಿಟೀಲುವಾದಕ ಸ್ತೆಫಾನ್ ಗ್ರಪೆಲ್ಲಿಯೊಡನೆ ಕಟ್ಟಿದ ವಾದ್ಯವೃಂದವು ಯೂರೋಪಿನಲ್ಲೆಲ್ಲ ಹೆಸರಾಯಿತು. 1946ರಲ್ಲಿ ಅಮೆರಿಕೆಗೆ ಹೋಗಿ ವಿದ್ಯುತ್ ಗಿಟಾರನ್ನೂ ನುಡಿಸಿದನು. 1953ರ ಮೇ 16ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡನು.

ದೆಹಲಿಯ ಲಕ್ಷ್ಮೀ ನಗರದಲ್ಲಿ ಗಿಟಾರ್ ಕಲಿಯುವ ನಮ್ಮವರೂ ಈತನಿಂದ ಅರಿಯಬೇಕಾದುದುಂಟು. ನೋವನ್ನು ನುಂಗಿಕೊಂಡು ನುಡಿಸುವುದು ಸಾಧನೆಯಲ್ಲ. ತನ್ನ ಕೈಗೊಪ್ಪುವ ದಾರಿಯನ್ನು ಹುಡುಕುವುದೇ ಸಾಧನೆ. ಬೆರಳು ನೋಯುವವರು ಹಗುರವಾದ ವಿದ್ಯುತ್ ಗಿಟಾರನ್ನು ಆರಿಸಿಕೊಳ್ಳಲಿ. ಅದರ ತಂತಿಗಳು ತೆಳುವಾಗಿದ್ದು ಹಿಡಿಗೆ ಸಮೀಪವಾಗಿದ್ದರೆ ಮೆಲ್ಲಗೆ ಒತ್ತಿದರೂ ಸಾಕು. ನಡುನಡುವೆ ಕೈಗೆ ವಿಶ್ರಾಂತಿ ಕೊಡಲಿ; ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಲಿ. ವಾದ್ಯವನ್ನು ಮತ್ತೊಂದು ಕೊಳ್ಳಬಹುದು, ಕೈಯನ್ನು ಕೊಳ್ಳಲಾಗದೆಂಬುದನ್ನು ನಾವು ಮರೆಯದಿರೋಣ.