ಮುಖದ ಮೂರು ಗೆರೆಗಳು

ಭದ್ರಾವತಿ ಕಡೆ ಬೈಕಿಂದ ಬಿದ್ದು ಮುಖ ಜಜ್ಜಿಕೊಂಡವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದರೆ, ಅವರ ಕೇಸ್ ಶೀಟಿನಲ್ಲಿ ಒಬ್ಬ ಫ್ರೆಂಚ್ ವೈದ್ಯರ ಹೆಸರು ಬರಬಹುದು: ಲೆಫೋರ್ಟ್ ಒಂದು, ಎರಡು ಅಥವಾ ಮೂರು. ಯಾರು ಇವರು?

ರೆನೆ ಲೆಫೋರ್ಟ್ ಹುಟ್ಟಿದ್ದು 1869ರಲ್ಲಿ, ಉತ್ತರ ಫ್ರಾನ್ಸಿನ ಲಿಲ್ ನಗರದಲ್ಲಿ. ವೈದ್ಯರ ಮನೆತನ. ಸೈನ್ಯದ ವೈದ್ಯರಾಗಿದ್ದು, ಆಮೇಲೆ ಊರಿಗೆ ಮರಳಿ ಪಾಠ ಹೇಳಿದರು. 1901ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದರೆ ಮೈ ಜುಮ್ಮೆನ್ನುತ್ತೆ. 35 ಶವಗಳ ತಲೆಗೆ ದೊಣ್ಣೆಯಿಂದ ಹೊಡೆದರು, ಮೇಜಿನ ಅಂಚಿಗೆ ಅಪ್ಪಳಿಸಿದರು, ಆಮೇಲೆ ಮಾಂಸ ಬಿಡಿಸಿ ಮೂಳೆ ನೋಡಿದರು. ಇಂಜಿನಿಯರಿಂಗ್ ಓದಿದ ನನಗೆ ಇದು ಪರಿಚಿತ ಕೆಲಸ. ಉಕ್ಕಿನ ತುಂಡನ್ನು ಲ್ಯಾಬಿನಲ್ಲಿ ಮುರಿದು ನೋಡ್ತೀವಲ್ಲ, ಹಾಗೇ.

ಸಿಕ್ಕ ಉತ್ತರ ಎರಡು. ಒಂದು, ಮುಖದ ಮಧ್ಯಭಾಗ ಸಾಮಾನ್ಯವಾಗಿ ಮೂರು ದುರ್ಬಲ ಗೆರೆಗಳಲ್ಲೇ ಒಡೆಯುತ್ತದೆ. ಮೊದಲನೆಯದು ಮೇಲ್ಹಲ್ಲುಗಳ ಮೇಲೆ ಅಡ್ಡಡ್ಡ. ಎರಡನೆಯದು ಮೂಗಿನ ಬುಡದಿಂದ ಗೋಪುರದಂತೆ ಎರಡೂ ಕಡೆ ಇಳಿಯುತ್ತದೆ. ಮೂರನೆಯದರಲ್ಲಿ ಇಡೀ ಮುಖವೇ ತಲೆಬುರುಡೆಯಿಂದ ಬೇರ್ಪಡುತ್ತದೆ. ಇನ್ನೊಂದು, ಚರ್ಮದ ಗಾಯಕ್ಕೂ ಒಳಗಿನ ಮುರಿತಕ್ಕೂ ತಾಳೆ ಇರುವುದಿಲ್ಲ.

ಲೆಫೋರ್ಟ್ ತೀರಿಕೊಂಡದ್ದು 1951ರಲ್ಲಿ, ಸಿ.ಟಿ. ಸ್ಕ್ಯಾನ್ ಬಂದದ್ದು 1970ರ ದಶಕದಲ್ಲಿ. ಇವತ್ತಿಗೂ ವೈದ್ಯರು ಮೊದಲು ಉಸಿರಾಟ ಸರಿಮಾಡಿ, ಮೇಲ್ಹಲ್ಲು ಹಿಡಿದು ಅಲುಗಾಡಿಸಿ ದವಡೆ ಸಡಿಲವಾಗಿದೆಯಾ ನೋಡುತ್ತಾರೆ. ಮೂಗಿನಿಂದ ತಿಳಿನೀರು ಬಂದರೆ ಮಿದುಳಿನ ದ್ರವ ಸೋರುತ್ತಿರಬಹುದು. ಸ್ಕ್ಯಾನ್ ಗೆರೆಯನ್ನು ತೋರಿಸುತ್ತದೆ. ಹಲ್ಲುಗಳ ಕಚ್ಚು ಸರಿಹೊಂದಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಮೂಳೆ ಕೂಡಿಸುತ್ತಾರೆ. ಸ್ವಲ್ಪ ಸೊಟ್ಟಗೆ ಕೂಡಿದರೂ ಊಟ, ನೋಟ ಎರಡೂ ಕೆಡಬಹುದು.

ಗೆರೆಗಳಿಗೆ ವೈದ್ಯರ ಹೆಸರು ಬಂತು. ಆ 35 ಜನರದ್ದಲ್ಲ. ಅವರ ಋಣ ತೀರಿಸುವ ದಾರಿ ಒಂದೇ: ಅವರಿಂದ ಕಲಿತದ್ದನ್ನು ಬಳಸೋದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಆದರೆ ಪೊಲೀಸರಿಗೆ ಹೆದರಿ ಹಾಕುವ ಅರ್ಧ ಹೆಲ್ಮೆಟ್ಟು ಈ ಮೂರರಲ್ಲಿ ಒಂದು ಗೆರೆಯನ್ನೂ ಮುಚ್ಚುವುದಿಲ್ಲ. ಹೊರಗೆ ಏನೂ ಕಾಣಿಸದಿದ್ದರೂ ಒಳಗೆ ಮುರಿದಿರಬಹುದು ಅಂತ 1901ರಿಂದ ಗೊತ್ತು. ಹಾಗಿದ್ದಾಗ ಬಿದ್ದವರಿಗೂ ಸ್ಕ್ಯಾನ್‌ಗೂ ನಡುವೆ ಎಷ್ಟು ಗಂಟೆ, ಎಷ್ಟು ರೂಪಾಯಿ ದೂರ ಇದೆ? ಮುಂದಿನ ಸಲ ವೋಟು ಕೇಳಲು ಬಂದವರ ಮುಂದೆ ಇಡಬೇಕಾದ ಪ್ರಶ್ನೆ ಇದು.