ಮಸಾಕೊ ಕತ್ಸುರಾ

ಗುಳಿಯಿಲ್ಲದ ಮೇಜು, ಮೂರೇ ಚೆಂಡು. ತನ್ನ ಚೆಂಡು ಉಳಿದೆರಡಕ್ಕೂ ತಾಗಬೇಕು. ಎರಡನೆಯದಕ್ಕೆ ತಾಗುವ ಮುನ್ನ ಮೇಜಿನ ಅಂಚಿಗೆ ಮೂರು ಸಲವಾದರೂ ಬಡಿದಿರಬೇಕು. ಮೂರು ಕುಷನ್ ಬಿಲಿಯರ್ಡ್ಸ್ ಎಂಬ ಈ ಆಟ ಕೇರಂನಲ್ಲಿ ಪಳಗಿದ ಕೈಗೂ ಸುಲಭವಲ್ಲ. ಇದರಲ್ಲಿ ವಿಶ್ವಪದವಿಗಾಗಿ ಗಂಡಸರೆದುರು ಸೆಣಸಿದ ಮೊದಲ ಮಹಿಳೆ ಮಸಾಕೊ ಕತ್ಸುರಾ.

1913ರಲ್ಲಿ ಟೋಕಿಯೋದಲ್ಲಿ ಜನಿಸಿದ ಈಕೆ, ಹನ್ನೆರಡರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಅಕ್ಕನ ಮನೆ ಸೇರಿದಳು. ಭಾವನದು ಬಿಲಿಯರ್ಡ್ಸ್ ಹಾಲು. ಅಲ್ಲಿಯೇ ಕೋಲು ಹಿಡಿದು ಹದಿನೈದಕ್ಕೇ ಜಪಾನಿನ ಮಹಿಳಾ ಪದವಿ ಗೆದ್ದಳು. ಆ ನಾಡಿನ ಚಾಂಪಿಯನ್ ಮತ್ಸುಯಾಮ ಆಕೆಯ ಗುರುವಾದನು. ಒಂದು ಪ್ರದರ್ಶನದಲ್ಲಂತೂ ನಾಲ್ಕೂವರೆ ಗಂಟೆ ಒಂದೇ ಸಮನೆ ಆಡಿ 10,000 ಅಂಕ ಗಳಿಸಿದಳು! ದಿನವಿಡೀ ಅಂಕಿ ಕೂಡಿಸುವ ನನ್ನಂಥ ಬ್ಯಾಂಕ್ ಗುಮಾಸ್ತನಿಗೂ ತಲೆತಿರುಗುವ ಲೆಕ್ಕವದು.

1950ರಲ್ಲಿ ಅಮೆರಿಕನ್ ಸೈನಿಕನೊಬ್ಬನನ್ನು ವರಿಸಿ, ಮರುವರ್ಷ ಆತನ ದೇಶಕ್ಕೆ ಹೋದಳು. ಯುದ್ಧ ಮುಗಿದು ಆರೇ ವರ್ಷ. ಜಪಾನೀಯರೆಂದರೆ ಮುಖ ಸಿಂಡರಿಸುತ್ತಿದ್ದ ಕಾಲ. ಇಂಗ್ಲಿಷೂ ಅಷ್ಟಕ್ಕಷ್ಟೇ. ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ ಆ ಅಳುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೇಜಿನ ಮುಂದೆ ಭಾಷೆಯ ತೊಡಕಿಲ್ಲವಷ್ಟೆ! 1952ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವಸ್ಪರ್ಧೆಯಲ್ಲಿ ವಿಲ್ಲಿ ಹಾಪ್ ಗೆದ್ದನು, ಈಕೆ ಏಳನೆಯವಳು. 1953ರಲ್ಲಿ ಷಿಕಾಗೋದಲ್ಲಿ ಐದನೆಯವಳು, 1954ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಾಲ್ಕನೆಯವಳು. ಪದವಿ ದಕ್ಕಲಿಲ್ಲ ನಿಜ. ಮೆಟ್ಟಿಲು ಮಾತ್ರ ಏರುತ್ತಲೇ ಇದ್ದಳು. 1961ರಲ್ಲಿ ವಿಶ್ವವಿಜೇತ ಹೆರಾಲ್ಡ್ ವರ್ಸ್ಟ್‌ನೊಡನೆ ಸೆಣಸಿ ಸೋತ ಮೇಲೆ ಸ್ಪರ್ಧೆಗಳಿಂದ ದೂರವಾದಳು.

1976ರಲ್ಲೊಮ್ಮೆ ಸ್ಯಾನ್ ಫ್ರಾನ್ಸಿಸ್ಕೋದ ಬಿಲಿಯರ್ಡ್ಸ್ ಹಾಲೊಂದಕ್ಕೆ ಬಂದು, ಯಾರದೋ ಕೋಲು ಪಡೆದು, ಒಮ್ಮೆಯೂ ತಪ್ಪದೆ 100 ಅಂಕ ಹೊಡೆದು ಹೊರಟುಹೋದಳು. ಬಳಿಕ ಜಪಾನಿಗೆ ಮರಳಿ, 1995ರಲ್ಲಿ ಅಲ್ಲಿಯೇ ತೀರಿಕೊಂಡಳು.